ನಾಣ್ಯದ ಮಹಾಮಜ್ಜನ

ಟೈಲರಿಗೆ ಅಪ್ಪನ ಆಸ್ತಿಯೆಂದು ದಕ್ಕಿದ್ದು ಒಂದೇ ಒಂದು ನಾಣ್ಯ. ಅದೂ ನಲವತ್ತು ವರ್ಷ ಅಪ್ಪನ ಬೆವರು ಕುಡಿದು ಹಸಿರುಗಟ್ಟಿ, ಮೇಲಿರುವುದು ರಾಜನ ಮೂಗೋ ಕುದುರೆಯ ಬಾಲವೋ ತಿಳಿಯದಂತಾಗಿತ್ತು. ಅಪ್ಪ ಮಿತಭಾಷಿ. ಮಗನನ್ನು ಬಾಯಿಬಿಟ್ಟು ಕೇಳುತ್ತಿದ್ದುದು ಇಷ್ಟೇ: "ಅಂಗಿಗೆ ಒಳಜೇಬು ಇಡೋದು ಮರೀಬೇಡ." ಆ ಜೇಬಿನಲ್ಲಿ ಈ ನಾಣ್ಯ. ಅಮ್ಮನಿಗೂ ತೋರಿಸಿದವರಲ್ಲ. ಅಪ್ಪ ತೀರಿಹೋಗಿ ಆರು ವರ್ಷವಾದರೂ ಟೈಲರ್ ಅಂಗಿ ಕತ್ತರಿಸುವಾಗ ಒಳಜೇಬಿಗೆಂದು ಬಟ್ಟೆ ಎತ್ತಿಡುತ್ತಿದ್ದ. ಆಮೇಲೆ ನೆನಪಾಗಿ ಆ ಚೂರನ್ನು ಪಕ್ಕಕ್ಕೆ ಸರಿಸುತ್ತಿದ್ದ.

ನಾಣ್ಯದ ಮುಖ ಕಂಡರೆ ಅಪ್ಪನ ಮನಸ್ಸೂ ಒಂದಿಷ್ಟು ಕಂಡೀತು ಎಂದು ಅವನಿಗೆ ಆಸೆ.

"ನಿಂಬೆಹಣ್ಣು, ಉಪ್ಪು ಹಾಕಿ ತಿಕ್ಕಿದ್ರೆ ಎರಡೇ ನಿಮಿಷ," ಎಂದಳು ಹೆಂಡತಿ.

"ಅಯ್ಯೋ, ಚರ್ಮ ಸುಲಿದ ಹಾಗಾಗುತ್ತಂತೆ! ನಾಣ್ಯದಂಗಡಿಯವ್ರು ಹೇಳಿದ್ದಾರೆ, ಹುಳಿ ತಾಗಿಸ್ಬಾರ್ದು, ತಿಕ್ಕಬಾರ್ದು. ಡಿಸ್ಟಿಲ್ಡ್ ವಾಟರಲ್ಲಿ ನೆನೆಸಿ ದಿನಾ ನೀರು ಬದಲಾಯಿಸ್ಬೇಕು."

"ನನಗೆ ತಲೆನೋವು ಬಂದಾಗ ಒಂದು ಲೋಟ ಬಿಸಿನೀರು ಕೊಟ್ಟವರಲ್ಲ!"

ಹೀಗೆ ಶ್ರೀಮನ್ನಾಣ್ಯದ ಮಹಾಮಜ್ಜನ ಆರಂಭವಾಯಿತು. ಮೂರು ವಾರ ನೀರು, ಆಮೇಲೆ ಎರಡು ತಿಂಗಳು ಆಲಿವ್ ಎಣ್ಣೆ. ("ತಲೆಗೇ ಇಲ್ಲದ ಎಣ್ಣೆ!" ಎಂದಳು ಹೆಂಡತಿ, ಗಂಡನ ಬೋಳುತಲೆ ನೋಡುತ್ತ.) ಅಳತೆ ಕೊಡಲು ಬಂದ ಗಿರಾಕಿಗಳಿಗೆಲ್ಲ ಅದರದೇ ಪ್ರವರ. ಮೊದಲು ಇನ್ನೂರು ವರ್ಷ ಹಳೆಯದಾಗಿದ್ದ ನಾಣ್ಯ, ಟೇಪು ಸೊಂಟ ಸುತ್ತಿ ಬರುವಷ್ಟರಲ್ಲಿ ನಾನೂರು ವರ್ಷದ್ದಾಗುತ್ತಿತ್ತು.

ಕೊನೆಗೊಂದು ಭಾನುವಾರ, ಕಿಟಕಿಯ ಬೆಳಕಿನಲ್ಲಿ ಕೂತು, ಮೆತ್ತಗಾಗಿದ್ದ ಹಸಿರನ್ನು ಮರದ ಹಲ್ಲುಕಡ್ಡಿಯಿಂದ ಉಸಿರು ಬಿಗಿಹಿಡಿದು ಬಿಡಿಸಿದ. ಮಲ್ಲಿನ ಬಟ್ಟೆಯ ಚೂರಿನಿಂದ ಒತ್ತಿ ಒರೆಸಿದ. ರಾಜನಿಲ್ಲ. ಕುದುರೆಯೂ ಇಲ್ಲ. "ಸೈಕಲ್ ಸ್ಟ್ಯಾಂಡ್, ೪೭" ಎಂದಿದ್ದುದನ್ನು ಗಟ್ಟಿಯಾಗಿಯೇ ಓದಿದ.

"ನಾನೂರು ವರ್ಷದ ಹಿಂದೆ ರಾಜರು ಸೈಕಲ್ ತುಳೀತಿದ್ರಾ?" ಹೆಂಡತಿ ಸೆರಗು ಬಾಯಿಗೊತ್ತಿಕೊಂಡಳು.

ಬಟಾಣಿ ಸುಲಿಯುತ್ತಿದ್ದ ಅಮ್ಮನ ಕೈ ನಿಂತಿತು. "ಎಷ್ಟು ನಂಬರು ಅಂದೆ?"

"ನಲವತ್ತೇಳು."

"ಕೊಡಿಲ್ಲಿ." ಅಮ್ಮ ಅದನ್ನು ಕಣ್ಣಿನ ಹತ್ತಿರ ಹಿಡಿದರು. "ಆಗಿನ್ನೂ ನಮ್ಮ ಮದುವೆ ಆಗಿರ್ಲಿಲ್ಲ. ಸಿನಿಮಾ ಬಿಟ್ಟ ಮೇಲೆ ನಿಮ್ಮಪ್ಪ, ನಲವತ್ತೇಳನೇ ನಂಬರ್ ಟೋಕನ್ ಕಳೆದೋಯ್ತು, ಸೈಕಲ್ ಕೊಡಲ್ಲ ಅಂತಾರೆ ಅಂತ ಜೇಬೆಲ್ಲ ತಡಕಾಡಿದ್ರು. ನನ್ನ ಜೊತೆ ನಮ್ಮನೆ ಬಾಗಿಲವರೆಗೂ ನಡ್ಕೊಂಡೇ ಬಂದ್ರು. ಎರಡು ಮೈಲಿ! ಪಾಪ, ನನಗೋಸ್ಕರ ಕಾಲು ಸವೆಸಿದ್ರಲ್ಲ ಅಂತ ಇಷ್ಟು ವರ್ಷ ಮರುಗಿದ್ದೀನಿ."

"ಹಾಗಾದ್ರೆ ಟೋಕನ್ ಕಳೆದೇ ಇರ್ಲಿಲ್ಲ!" ಎಂದ ಟೈಲರ್.

"ಕಳ್ಳ," ಎಂದರು ಅಮ್ಮ. ಆರು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

ಟೈಲರ್ ಕೈ ಚಾಚಿದ. "ಕೊಡಮ್ಮ, ಮತ್ತೆ ಹಸಿರು ಹಿಡಿಯದ ಹಾಗೆ ಮೇಣ ಹಚ್ಚಿಡ್ತೀನಿ."

ಅಮ್ಮ ಮುಷ್ಟಿ ಬಿಗಿಮಾಡಿದರು. "ಮೂರು ತಿಂಗಳು ಆರೈಕೆ ಮಾಡಿದ್ಯಲ್ಲ, ಸಾಕು ಹೋಗೋ. ಇದು ನಂದು."

ಅವನ ಚಾಚಿದ ಕೈಗೆ ಬಟಾಣಿ ಬುಟ್ಟಿ ಬಂತು. ಅಮ್ಮ ಕಿಟಕಿಯಾಚೆಯ ರಸ್ತೆಯತ್ತ ತಿರುಗಿದರು.

"ಆವತ್ತೇ ಗೊತ್ತಾಗಿದ್ರೆ," ಎಂದರು ಆಮೇಲೆ, "ಇನ್ನೂ ಸ್ವಲ್ಪ ನಿಧಾನವಾಗಿ ನಡೀತಿದ್ದೆ."