ಸಂಡೂರು ಗುಡ್ಡದ ಕಾಫಿ ಗಿಡಗಳೂ ಬಂಡ್ರಿಯ ಅವ್ವನೂ

ಈ ಕಡೆಯ ಬಿಸಿಲಲ್ಲಿ ಕಾಫಿ ಬೆಳೆಸಲು ಹೊರಟವನು ನಗೆಪಾಟಲಾಗುವುದಕ್ಕೆ ಮುಹೂರ್ತ ನೋಡಬೇಕಿಲ್ಲ, ವಾರಕ್ಕೊಂದು ಪ್ರಸಂಗ ತಾನಾಗೇ ನಡೆಯುತ್ತದೆ. ಬಿಸಿಲು ತಡೆಯುವ ಹೊಸ ಕಾಫಿ ತಳಿ ಹುಡುಕುವುದು ನನ್ನ ಕೆಲಸ. ಅದಕ್ಕೆಂದೇ ಸಂಡೂರಿನ ಗುಡ್ಡದ ಇಳಿಜಾರಿನಲ್ಲಿ ಒಂದು ಪ್ರಯೋಗದ ತೋಟವಿದೆ. ಒಂದಾದರೂ ಗಟ್ಟಿ ಗಿಡ ಸಿಕ್ಕರೆ ತೋಟ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತಾರೆ.

ಯಾವಾಗ ಕುಡಿಯೋದು?

ಹೊಸಪೇಟೆಯಲ್ಲಿ ನಾನಿರುವ ಮನೆಯ ಮಾಲೀಕರು ಆಚಾರ್ಯರು. ಕಾಫಿ ಕುಡಿಯದೆ ಅವರಿಗೆ ಬೆಳಗಾಗುವುದಿಲ್ಲ. ನನ್ನ ಕೆಲಸ ಏನೆಂದು ತಿಳಿದ ದಿನ ಕುರ್ಚಿ ಹತ್ತಿರ ಎಳೆದುಕೊಂಡರು.

"ಹೊಸಾ ತಳಿ ಕಾಫಿ ಯಾವಾಗ ಕುಡೀಬಹುದ್ರಿ?"

"ತಳಿ ಗಟ್ಟಿಯಾಗಾಕ ಒಂದಿಪ್ಪತ್ತೈದು ವರ್ಷ ಬೇಕ್ರಿ."

ಅವರಿಗೆ ಎಪ್ಪತ್ತೆಂಟು. ಬೆರಳು ಮಡಚಿ ಎಣಿಸಿ, ಅಡುಗೆಮನೆಯ ಕಡೆ ತಿರುಗಿ ಕೂಗಿದರು: "ಏ, ಇವರದು ಸ್ವಲ್ಪ ಲೇಟಾಗ್ತದಂತ. ಅಲ್ಲೀತನಕ ಅಂಗಡೀ ಪುಡೀನ ಹಾಕು!"

ಬೆಡಗು

ತೋಟದ ಕೆಲಸಕ್ಕೆ ಬರುವವಳು ಬಂಡ್ರಿಯ ಒಬ್ಬ ಅಜ್ಜಿ. ನಾನು ಅವ್ವ ಎಂದೇ ಕರೆಯುವುದು. ಒಂದು ಗಿಡದ ಹೂವಿನ ಪರಾಗವನ್ನು ಕುಂಚದಿಂದ ಇನ್ನೊಂದರ ಹೂವಿಗೆ ಮುಟ್ಟಿಸುವಾಗ ಕೊಂಬೆ ಹಿಡಿದುಕೊಳ್ಳುವುದು ಅವಳ ಪಾಲಿನ ಕೆಲಸ.

"ಇದು ತಾಯಿ ಗಿಡ, ಅದು ತಂದಿ ಗಿಡ" ಎಂದು ವಿವರಿಸಿದೆ.

"ಹಂಗಂದ್ರ ಲಗ್ನ ಅನ್ರಿ. ಬೆಡಗು ನೋಡೀರೇನು?"

ಒಂದೇ ಬೆಡಗಿನವರು ಅಣ್ಣ-ತಂಗಿಯರ ಲೆಕ್ಕ, ಅವರಲ್ಲಿ ಮದುವೆಯಿಲ್ಲ. ನಾನು ಯೋಚಿಸದೆ, "ಎರಡೂ ಒಂದ ಗಿಡದ ಬೀಜ" ಎಂದುಬಿಟ್ಟೆ.

ಅವ್ವ ಕೊಂಬೆ ಬಿಟ್ಟಳು. "ಅಯ್ಯ ಶಿವನ! ಈ ಪಾಪದ ಕೆಲಸ ನನ್ನ ಕೈಲೆ ಮಾಡಸಬ್ಯಾಡ್ರಿ."

"ಹಂಗಾದ್ರ ಏನ್ ಮಾಡ್ಲಿ?"

"ಸ್ವಾದರಮಾವನ ಕಡೀದು ಯಾವುದರ ಐತೇನ್ ನೋಡ್ರಿ."

ಡಾಕ್ಟರೇಟ್ ಪಡೆದ ನಾನು ಅವತ್ತು ಮಧ್ಯಾಹ್ನವೆಲ್ಲ ರಿಜಿಸ್ಟರ್ ತಿರುವಿಹಾಕುತ್ತಾ ಕಾಫಿ ಗಿಡದ ಸೋದರಮಾವನನ್ನು ಹುಡುಕಿದೆ.

ನೀರು ಹಾಕಬಾರದು

ಈ ಬೇಸಿಗೆ ಕೊನೆಯ ಪರೀಕ್ಷೆ. ಎರಡು ತಿಂಗಳು ಹನಿ ನೀರಿಲ್ಲದೆ ಯಾವ ಗಿಡ ಬದುಕುತ್ತದೋ ಅದೇ ನಮ್ಮ ಹೊಸ ತಳಿಗೆ ಮೂಲ. ಅವ್ವನಿಗೆ ಕಟ್ಟುನಿಟ್ಟಾಗಿ ಹೇಳಿ ದಿನವೂ ನಾಲ್ಕು ಗಂಟೆಯ ಬಸ್ಸಿಗೆ ಹೊಸಪೇಟೆಗೆ ಮರಳುತ್ತಿದ್ದೆ. ಮೇ ತಿಂಗಳು ಬಂದರೂ ನಾನು ಓಡಾಡುವ ಕೆಳಗಿನ ಸಾಲುಗಳ ಗಿಡಗಳೆಲ್ಲ ಹಚ್ಚಗೆ ನಿಂತಿದ್ದವು; ಬಿಸಿಲಿಗೆ ಹೆದರಿ ಗುಡ್ಡದ ಮೇಲಿನವರೆಗೆ ಹತ್ತಿರಲಿಲ್ಲ. ಸಂತೋಷ ತಡೆಯಲಾರದೆ ಮೇಲಧಿಕಾರಿಗೆ ಬರೆದೆ. ಅವರು ಓಡೋಡಿ ಬಂದರು.

ನಾನು ವಿಜ್ಞಾನ ಹೇಳುತ್ತಿದ್ದೆ. ಅಷ್ಟರಲ್ಲಿ ನಾಲ್ಕು ಹೊಡೆಯಿತು. ನಾವು ಗಿಡಗಳ ಮರೆಯಲ್ಲಿರುವುದು ತಿಳಿಯದೆ ಅವ್ವ ಕೊಡ ಹೊತ್ತು ಬಂದು ಬುಡಕ್ಕೆ ನೀರು ಸುರಿಯತೊಡಗಿದಳು.

"ಯವ್ವಾ, ಏನಿದು!" ಎಂದು ಕೂಗಿದೆ.

"ನೀವು ಬ್ಯಾಡ ಅಂದೀರಿ ಖರೆ. ಬಾಯಿಲ್ಲದ ಕೂಸುಗಳು ನೋಡ್ರಿ, ಜೀವ ತಡೀಲಿಲ್ಲ. ದಿನಾ ಒಂದೊಂದು ಕೊಡ ಹಾಕ್ತೀನಿ."

ಅಧಿಕಾರಿ ಮೆಲ್ಲಗೆ ಕೇಳಿದರು, "ಎಲ್ಲ ಗಿಡಕ್ಕೂ ಹಾಕಿದ್ದೀಯಾ, ಅಮ್ಮಾ?"

"ಹೂಂರಿ. ಆ ಮ್ಯಾಲಿನ ಸಾಲಿಗೆ ಮಾತ್ರ ಇಲ್ರಿ. ಮೊಣಕಾಲು ಏಳಂಗಿಲ್ಲ."

ಇಬ್ಬರೂ ಗುಡ್ಡ ಹತ್ತಿ ಓಡಿದೆವು. ಮೇಲಿನ ಸಾಲಿನ ಗಿಡಗಳೆಲ್ಲ ಒಣಗಿ ಕಸಬರಿಗೆಯಾಗಿದ್ದವು. ನಡುವೆ ಒಂದೇ ಒಂದು ಗಿಡ ಹಸಿರಾಗಿ ನಿಂತಿತ್ತು. ನನಗೆ ಕಣ್ಣಲ್ಲಿ ನೀರೇ ಬಂತು. ತೋಟ ಉಳಿಯಿತು. ಮಳೆಗಾಲದವರೆಗೆ ಅದಕ್ಕೊಂದು ಹನಿಯೂ ಬೀಳಬಾರದು ಎಂದು ಹೇಳಿ ಅಧಿಕಾರಿ ಹೊರಟರು.

ಇಷ್ಟೆಲ್ಲ ಉಪಕಾರವಾದದ್ದು ಅವ್ವನ ಮೊಣಕಾಲಿನಿಂದ. ಮರುದಿನವೇ ಹೊಸಪೇಟೆಯಿಂದ ನೋವಿನ ಎಣ್ಣೆ ತಂದುಕೊಟ್ಟೆ.

ವಾರದ ಮೇಲೆ ಅವ್ವ ನಗುನಗುತ್ತಾ ಎದುರು ಬಂದಳು. "ಎಣ್ಣಿ ಭಾಳ ಚಲೋ ಐತ್ರಿ ಸಾಹೇಬ್ರ! ಮ್ಯಾಲಿನ ಆ ಒಂದು ಗಿಡಕ್ಕೂ ಇವತ್ತು ಎರಡು ಕೊಡ ಹಾಕಿ ಬಂದೆ."