ಕೆರೆಕಟ್ಟೆಯ ಲೈನಿಗೆ ಅಡ್ಡ ನಿಂತ ಇನ್ಫಿನಿಟಿವ್ ಹಾಗೂ ಜೆರಂಡ್ ಅವರಿಗೆ

ಇಂಗ್ಲಿಷ್ ವ್ಯಾಕರಣದ ಹಿರಿಯ ಪದಾಧಿಕಾರಿಗಳಾದ ಶ್ರೀ ಇನ್ಫಿನಿಟಿವ್ ಹಾಗೂ ಶ್ರೀ ಜೆರಂಡ್ ಅವರ ಸನ್ನಿಧಿಗೆ,

ಮಾನ್ಯರೇ,

ಕೊಪ್ಪ, ಶೃಂಗೇರಿ ಕಡೆಯ ಟೆಲಿಫೋನ್ ತಂತಿಗಳ ಸೇವೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕಳೆದು, ಈಗ ಐವತ್ತೆರಡನೆಯ ವಯಸ್ಸಿನಲ್ಲಿ ತಮ್ಮಿಬ್ಬರಿಂದ ಅನುತ್ತೀರ್ಣನಾಗುವ ಗೌರವಕ್ಕೆ ಪಾತ್ರನಾದ ವೃಷಭೇಂದ್ರಪ್ಪನ ವಿನಯಪೂರ್ವಕ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ; ಇಷ್ಟು ಜನರನ್ನು ಕಂಗೆಡಿಸಿದ ಮೇಲೂ ತಮ್ಮ ಆರೋಗ್ಯಕ್ಕೆ ಏನೂ ಆಗಿಲ್ಲವೆಂಬುದು ಪ್ರತಿ ವರ್ಷದ ಪ್ರಶ್ನೆಪತ್ರಿಕೆಯಿಂದ ತಿಳಿಯುತ್ತಿದೆ.

ಮೊದಲಿಗೆ ನನ್ನ ಸ್ವಾರ್ಥವನ್ನು ಹೇಳಿಬಿಡುತ್ತೇನೆ. ಕೆರೆಕಟ್ಟೆಗೆ ಹೋಗುವ ನಮ್ಮ ಕೇಬಲ್ಲು ಹಳೆಯದು. ಅದರ ಕೊನೆಯಲ್ಲಿ ಹೆರಿಗೆ ಮಾಡಿಸುವ ನರ್ಸ್ ಶೇಷಮ್ಮನವರ ಫೋನ್ ಇದೆ, ಮತ್ತು ಜೂನ್ ತಿಂಗಳು ಬಂದೊಡನೆ ಆ ಫೋನ್ ಮೌನವ್ರತ ಹಿಡಿಯುತ್ತದೆ. ಹೊಸ ಕೇಬಲ್ ಬೇಕೆಂದು ಎಂಟು ವರ್ಷಗಳಿಂದ ನಾನು ಬರೆಯುತ್ತಿರುವ ಅರ್ಜಿಗೆ ಅಧಿಕಾರಿಯ ದರ್ಜೆಯವರು ಸಹಿ ಹಾಕಬೇಕು, ಬಂದ ಅಧಿಕಾರಿಗಳೆಲ್ಲ ಸಹಿಗೆ ಮೊದಲೇ ವರ್ಗವಾದರು. ಆದ್ದರಿಂದ ನಾನೇ ಅಧಿಕಾರಿಯಾಗಿ ನನ್ನದೇ ಅರ್ಜಿಗೆ ಸಹಿ ಹಾಕುವುದೆಂದು ಇಂಗ್ಲಿಷ್ ಪತ್ರಿಕೆಯೂ ಕಡ್ಡಾಯವಾಗಿದ್ದ 2004ರ ಇಲಾಖಾ ಪರೀಕ್ಷೆಗೆ ಕುಳಿತೆ. ವಯೋಮಿತಿಯ ಪ್ರಕಾರ ಅದು ನನ್ನ ಕೊನೆಯ ಅವಕಾಶವಾಗಿತ್ತು.

ತಾವಿಬ್ಬರೂ ಮಾಡುವುದು ಒಂದೇ ಕೆಲಸ: ಒಂದು ಕ್ರಿಯಾಪದದ ಬೆನ್ನಿಗೆ ಇನ್ನೊಂದನ್ನು ಕಟ್ಟುವುದು. ಇನ್ಫಿನಿಟಿವ್ ಅವರು ಮುಂದೆ 'ಟು' ಎಂಬ ಕೋಲು ಹಿಡಿದು 'ಟು ವಾಕ್' ಎಂದು ಬರುತ್ತಾರೆ, ಜೆರಂಡ್ ಅವರು ಹಿಂದೆ 'ಇಂಗ್' ಎಂಬ ಬಾಲ ಬಿಟ್ಟುಕೊಂಡು 'ವಾಕಿಂಗ್' ಎಂದು ಬರುತ್ತಾರೆ. ಯಾರು ಯಾವ ಮನೆಗೆ ಹೋಗಬೇಕೆಂಬುದಕ್ಕೆ ಮಾತ್ರ ಯಾವ ನಕ್ಷೆಯೂ ಇಲ್ಲ. ನಿರಾಕರಿಸುವ 'ರಿಫ್ಯೂಸ್' ಇನ್ಫಿನಿಟಿವ್ ಅವರ ಪಾಲಿಗೆ, ತಪ್ಪಿಸಿಕೊಳ್ಳುವ 'ಅವಾಯ್ಡ್' ಜೆರಂಡ್ ಅವರ ಪಾಲಿಗೆ. ನಮ್ಮ ಕಚೇರಿಯಲ್ಲಾದರೆ ಈ ಎರಡೂ ಕೆಲಸಗಳನ್ನು ಒಬ್ಬರೇ ನಿಭಾಯಿಸುತ್ತಾರೆ. ನಮ್ಮ ಕನ್ನಡದಲ್ಲಿ ನಡೆಯಲು ಇಷ್ಟ ಎಂದರೂ ನಡೆಯುವುದು ಇಷ್ಟ ಎಂದರೂ ಕಾಲು ಒಂದೇ ರೀತಿ ನೋಯುತ್ತದೆ. ತಮ್ಮ ಸಂಸ್ಥಾನದ ವೈಭವ ನಮಗೆಲ್ಲಿಂದ ಬರಬೇಕು!

ನನ್ನ ಪತ್ನಿ ದಾಕ್ಷಾಯಿಣಿ ಮೂರು ತಿಂಗಳು ರೊಟ್ಟಿ ಬಡಿಯುತ್ತಲೇ ನನ್ನ ಪಾಠ ಒಪ್ಪಿಸಿಕೊಂಡಳು. ಅವಳು ಕ್ರಿಯಾಪದ ಹೇಳುವುದು, ನಾನು ಟು ಅಥವಾ ಇಂಗ್ ಎನ್ನುವುದು. ತಪ್ಪಿದ ದಿನ, "ರೀ, ಕಂಬ ಹತ್ತೋಕೆ ಹೆದರದ ಮನುಷ್ಯ, ಈ ಬಾಲಕ್ಕೆ ಹೆದರ್ತೀರಲ್ಲ" ಎಂದು ರೊಟ್ಟಿ ತಿರುವಿ ಹಾಕುತ್ತಿದ್ದಳು.

ಇನ್ನು ನನ್ನ ಅಪರಾಧ. ಮಳೆಗಾಲದಲ್ಲಿ ಕೇಬಲ್ಲಿನ ಎರಡು ಜೋಡಿ ತಂತಿಗಳಲ್ಲಿ ಯಾವುದು ಗಟ್ಟಿ ಎಂಬ ಅನುಮಾನ ಬಂದರೆ ನಾವು ಒಂದನ್ನೂ ಕತ್ತರಿಸುವುದಿಲ್ಲ. ಎರಡನ್ನೂ ಕೂಡಿಸಿ, ದಾರ ಕಟ್ಟಿ ಗುರುತು ಮಾಡಿ, ಬಿಸಿಲು ಬಂದ ಮೇಲೆ ತೀರ್ಮಾನಿಸುತ್ತೇವೆ. ಇದಕ್ಕೆ ನಮ್ಮಲ್ಲಿ ಪ್ಯಾರಲಲ್ ಕೊಡುವುದು ಎನ್ನುತ್ತಾರೆ. ಒಂದೇ ಉತ್ತರಕ್ಕೆ ಗುರುತು ಹಾಕಿ ಎಂಬ ಸೂಚನೆಯನ್ನು ಪರೀಕ್ಷೆಯಲ್ಲಿ ನನ್ನ ಕಣ್ಣು ಓದಿತ್ತು, ಆದರೆ ಇಪ್ಪತ್ತೊಂಬತ್ತು ವರ್ಷದ ಕೈ ಓದಲಿಲ್ಲ. ತಮಗೆ ಸಂಬಂಧಿಸಿದ ಹನ್ನೆರಡು ಪ್ರಶ್ನೆಗಳಲ್ಲಿ ಹನ್ನೆರಡಕ್ಕೂ ನಾನು ಎರಡೂ ಉತ್ತರಗಳಿಗೆ ಗುರುತು ಹಾಕಿ, ಪಕ್ಕದಲ್ಲಿ ಅಂದವಾಗಿ 'ಪರಿಶೀಲನೆಯಲ್ಲಿದೆ' ಎಂದು ಬರೆದು ಬಂದೆ.

ಹನ್ನೆರಡಕ್ಕೂ ಸೊನ್ನೆ. ಐವತ್ತರಲ್ಲಿ ಮೂವತ್ತು ಬಂದರೆ ಪಾಸು, ನನಗೆ ಬಂದದ್ದು ಇಪ್ಪತ್ತೆಂಟು. ನನ್ನೊಡನೆ ಕಂಬ ಹತ್ತುವ ರೇಣುಕಪ್ಪ ಇದನ್ನು ಕೇಳಿ ಏಣಿ ಹಿಡಿದುಕೊಂಡೇ ಕುಳಿತುಬಿಟ್ಟ: "ಪೇಪರಿಗೂ ಪ್ಯಾರಲಲ್ ಕೊಟ್ಟು ಬಂದ್ರಾ ಮಾರಾಯ್ರೇ! ದಾರ ಕಟ್ಟೋದು ಒಂದು ಬಾಕಿ ಆಯ್ತಲ್ಲ." ಶೇಷಮ್ಮನವರು ಮಾತ್ರ ಕೆರೆಕಟ್ಟೆಯಿಂದ ಫೋನ್ ಮಾಡಿ, "ಸಾರ್, ನಿಮ್ಮ ಮಾತು ಚೆನ್ನಾಗಿ ಕೇಳ್ತಾ ಉಂಟು. ಪಾಸಾಯ್ತಾ?" ಎಂದರು. ಕೇಳುತ್ತಿಲ್ಲವೆಂದು ನಟಿಸಿ ರಿಸೀವರ್ ಇಟ್ಟೆ. ಇಲಾಖೆಯ ಸೇವೆಯಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು.

ಆದಕಾರಣ ತಮ್ಮಲ್ಲಿ ನನ್ನ ಬೇಡಿಕೆಗಳು ಅತ್ಯಲ್ಪ. ತಾವಿಬ್ಬರೂ ಒಂದು ದಿನ ಬಿಡುವು ಮಾಡಿಕೊಂಡು ಎದುರುಬದುರು ಕುಳಿತು, ಕ್ರಿಯಾಪದಗಳನ್ನು ಪಾಲು ಮಾಡಿಕೊಂಡು, ಗಡಿಕಲ್ಲು ನೆಡಿಸಬೇಕು. ಅದಾಗದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಆಗುಂಬೆ ಕಡೆಯ ಮೋಡ ಇತ್ತ ಬಂದಿರುವಷ್ಟು ದಿನವಾದರೂ, ಎರಡೂ ಉತ್ತರ ಸರಿ ಎಂದು ಸುತ್ತೋಲೆ ಹೊರಡಿಸಬೇಕು. ಅದೂ ಆಗದಿದ್ದರೆ ತಮ್ಮಲ್ಲಿ ಒಬ್ಬರು ದಯವಿಟ್ಟು ಸ್ವಯಂನಿವೃತ್ತಿ ತೆಗೆದುಕೊಳ್ಳಬೇಕು. ಯಾರೆಂಬುದನ್ನು ಆರಿಸುವ ಹೊಣೆಯನ್ನು ನನಗೆ ವಹಿಸಬಾರದು.

ಕೇಬಲ್ಲಿನ ಅರ್ಜಿಯನ್ನು ಒಂಬತ್ತನೆಯ ಬಾರಿ ಬರೆಯಲು ಹೊರಟಿರುವ, ಅಥವಾ ಬರೆಯುವುದಕ್ಕೆ ಹೊರಟಿರುವ,

ತಮ್ಮ ಎರಡೂ ಕಡೆಯ ವಿಶ್ವಾಸಿ,
ವೃಷಭೇಂದ್ರಪ್ಪ
ಕೊಪ್ಪ

ಮರೆತ ಮಾತು: ಈ ಪತ್ರದ ನಕಲನ್ನು ನನ್ನ ಉತ್ತರಪತ್ರಿಕೆಯ ಮೌಲ್ಯಮಾಪಕರಿಗೂ ಕಳಿಸಿದ್ದೇನೆ. ನಿನ್ನೆಯ ಮಳೆಯಲ್ಲೂ ಶೇಷಮ್ಮನವರ ಫೋನ್ ರಿಂಗಾಗಿದೆ, ಅವರು ಹೊರಟು ತಲುಪಿದ ಮನೆಯಲ್ಲಿ ಬೆಳಗ್ಗೆ ಹೆಣ್ಣುಮಗು ಹುಟ್ಟಿದೆ. ಆ ಕರೆ ಬಂದದ್ದು ಕೆರೆಕಟ್ಟೆಯ ಕೇಬಲ್ಲಿನಲ್ಲಿ ನಾನು ಕೂಡಿಸಿಟ್ಟ ಎರಡು ಜೋಡಿಗಳಲ್ಲಿ ಯಾವುದರಿಂದ ಎಂಬುದು ನನಗಿನ್ನೂ ಗೊತ್ತಾಗಿಲ್ಲ. ಎರಡನ್ನೂ ಇಡುವುದು ತಪ್ಪೆಂದು ಮಾನ್ಯ ಮೌಲ್ಯಮಾಪಕರು ಈಗಲೂ ಭಾವಿಸುವುದಾದರೆ, ಯಾವುದನ್ನು ಕತ್ತರಿಸಬೇಕೆಂದು ಕೆಳಗೆ ಗುರುತು ಹಾಕಿ ಮರಳಿಸಬೇಕಾಗಿ ವಿನಂತಿ. ಒಂದಕ್ಕೆ ಮಾತ್ರ ಗುರುತು ಹಾಕಿ.