ಪೊರಿ ತೆಗಿ ತಮ್ಮಾ

ಒಬ್ಬರು ಹೇಳೂದೊಂದು, ಇನ್ನೊಬ್ಬರು ತಿಳ್ಕೊಳ್ಳೂದೊಂದು. ದವಾಖಾನ್ಯಾಗ ನರ್ಸ್ ಆಗಿ ದುಡಿದ ನನಗ ಇದೇನು ಹೊಸದಲ್ಲ ಬಿಡ್ರಿ. ಆದ್ರ ಎಂಬತ್ತನೇ ಇಸ್ವಿ ಸುಮಾರಿಗೆ ಮೈಸೂರು ಕಡೆ ಡಾಕ್ಟರೊಬ್ಬರು ಮುದುಕರ ರಕ್ತ ಹುಡುಕ್ಕೋಂತ ದಾಂಡೇಲಿಗೆ ಬಂದಾಗ ಆದ ಗೊಂದಲ ಮಾತ್ರ ಬ್ಯಾರೇನ.

ಕಿವುಡ ಸಿಪಾಯಿ

ಮೊದಲ ದಿನ ಡಾಕ್ಟರು ನನಗ ತಿಳಿಸಿ ಹೇಳಿದರು. "ನೋಡಿ ಸಿಸ್ಟರ್, ರಕ್ತದ ಬಿಳಿ ಕಣಗಳು ಮೈ ಕಾಯುವ ಸಿಪಾಯಿಗಳು. ಒಂದೊಂದು ಕಣಕ್ಕೂ ತೆಳ್ಳಗಿನ ಪೊರೆ ಇದೆ. ವಯಸ್ಸಾದ ಹಾಗೆ ಅದು ಗಡುಸಾಗುತ್ತೆ ಅಂತ ನನ್ನ ಗುಮಾನಿ. ರೋಗ ಬಂತು ಅಂತ ಹೊರಗೆ ಎಷ್ಟು ಕೂಗಿದರೂ ಒಳಗೆ ಸುದ್ದಿ ಮುಟ್ಟೋದಿಲ್ಲ."

ಅರ್ಧ ತಿಳೀತು, ಅರ್ಧ ತಲಿ ಮ್ಯಾಲೆ ಹಾದು ಹೋತು. "ನಮ್ಮ ಮಾವನವರ ಹಂಗ ಅನ್ರಿ. ಬಾಗಲಾ ತೆಗೀರಿ ಅಂತ ಒದರಿದ್ರ ಕೇಳಂಗಿಲ್ಲ."

"ಸರಿಯಾಗಿ ಹೇಳಿದಿರಿ!" ಡಾಕ್ಟರಿಗೆ ಖುಷಿಯೋ ಖುಷಿ.

"ಆದ್ರ ಚಾ ಆತು ಅಂತ ಪಿಸುಗುಟ್ಟಿದ್ರ ಓಡಿ ಬರ್ತಾರ್ರಿ. ಅದು ಯಾವ ಪೊರಿ?"

ಡಾಕ್ಟರು ಸೂಜಿ ಡಬ್ಬಿ ತೆಗೆದು ಕೆಲಸಕ್ಕ ಹತ್ತಿದ್ರು.

ಸಿಗ್ನಲ್

ರೈಲ್ವೆದಾಗ ದುಡಿದು ರಿಟೈರ್ ಆದ ಚಾಚಾ ಒಬ್ಬರು ಬಂದ್ರು. "ನಿಮ್ಮ ಒಳಗೆ ಸಿಗ್ನಲ್ ಸರಿಯಾಗಿ ಹೋಗುತ್ತಾ ನೋಡಬೇಕು," ಅಂದ್ರು ಡಾಕ್ಟರು. ಚಾಚಾನ ಮಾರಿ ಕೆಂಪಾತು.

"ಇಡೀ ಸರ್ವಿಸ್‌ನಾಗ ನಾ ಒಂದು ಸಿಗ್ನಲ್ ತಪ್ಪಿಸಿಲ್ಲ! ಯಾರು ಕಂಪ್ಲೇಂಟ್ ಕೊಟ್ಟಾರ? ಪೆನ್ಶನ್ ನಿಲ್ಲಿಸಾಕ ಬಂದೀರೇನು?"

"ರೈಲಿಂದಲ್ರೀ ಚಾಚಾ, ರಕ್ತದ್ದು," ಅಂತ ನಾನೇ ಸಮಾಧಾನ ಮಾಡಿದೆ. ಗೊಣಗಿಕೋಂತ ತೋಳು ಚಾಚಿದ್ರು. ಸೂಜಿ ಒಳಗ ಹೋಗಿ ರಕ್ತ ಕಂಡಿದ್ದ ತಡ, ಕೈ ಎತ್ತಿ ಒದರಿದ್ರು:

"ಕೆಂಪು ಬಿತ್ತು, ನಿಲ್ಲಸ್ರಿ!"

ಪೊರಿ

ರಕ್ತ ಕೊಡಾಕ ಹಳ್ಳಿ ಮಂದಿ ಬರವಲ್ರು. "ಮುದುಕರ ಪೊರೆ ನೋಡುತ್ತೇವೆ ಅಂತ ಹೇಳಿಕಳಿಸಿ," ಅಂದ್ರು ಡಾಕ್ಟರು. ಹಳಿಯಾಳ ಕಡೆ ಹಂಗ ಹೇಳಿಕಳಿಸಿದ್ವಿ. ಅಬ್ಬಬ್ಬಾ, ಮಂದಿ ಮುಗಿಬಿತ್ತು! ಯಾಕಂತ ನನಗೂ ತಿಳೀಲಿಲ್ಲ.

ಎಲ್ಲಾರ ಮುಂದ ಸಿದ್ದಿ ಜನಾಂಗದ ಒಬ್ಬ ಅಜ್ಜಿ. ಕಣ್ಣು ಎರಡೂ ಮಂಜ. "ಅಕ್ಕ್ಯಾಗಿನ ಹರಳು ಕಾಣವಲ್ದು. ಸೊಸಿ ಅಡಗಿಮನಿಗೆ ಬಿಟ್ಟುಕೊಳ್ಳವಲ್ಲಳು. ಪೊರಿ ತೆಗಿ ತಮ್ಮಾ," ಅಂದಳು. ಡಾಕ್ಟರು ರಕ್ತ ತೆಗೆದ್ರು. "ಕಣ್ಣಿಗೆ ತೋಳಿನಿಂದ ದಾರಿ ಐತೇನು?" ಅಂತ ಅಜ್ಜಿ ಕೇಳಿದ್ದು ಗದ್ದಲದಾಗ ನಾವ್ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ.

ರಕ್ತದ ಪರೀಕ್ಷೆ ಮುಗಿಸಿ ಡಾಕ್ಟರು ಮತ್ತ ಬಂದ್ರು. "ಅಜ್ಜಿ, ನಿಮ್ಮ ಬಿಳಿ ಕಣದ ಪೊರೆ ಗಡುಸಾಗಿದೆ."

"ಹೌದು ತಮ್ಮಾ, ಕಣ್ಣ ಬೆಳ್ಳಗಾಗೇತಿ. ಪೊರಿ ಹಣ್ಣಾಗೇತಿ. ತೆಗಿ."

"ಅಯ್ಯೋ, ಪೊರೆ ತೆಗೆದರೆ ಕಣ ಸತ್ತೇ ಹೋಗುತ್ತೆ!"

"ಕಣ್ಣ ಸಾಯ್ತೈತಿ?" ಅಜ್ಜಿ ಗೊಳೋ ಅಂತ ಅತ್ತಳು. ಆವಾಗ ನನಗ ತಿಳೀತು. "ಸರ್, ನೀವು ಕಣ ಅಂತೀರಿ, ಅಕಿ ಕಣ್ಣ ಅಂತಾಳ! ಇಲ್ಲಿ ಪೊರಿ ಅಂದ್ರ ಕಣ್ಣಿನ ಪೊರೀರಿ!"

ಡಾಕ್ಟರು ಆಗಿಂದಾಗ ಜೀಪ್ ತೆಗೆದ್ರು. ಅಜ್ಜೀನ ಹುಬ್ಬಳ್ಳಿಗೆ ಕರಕೊಂಡು ಹೋಗಿ ಕಣ್ಣಿನ ಆಪರೇಷನ್ ಮಾಡಿಸಿದ್ರು. ದಪ್ಪ ಚಸ್ಮಾ ಏರಿಸಿದ ದಿನ ಅಜ್ಜಿ ನನ್ನ ನೋಡಿ ನಕ್ಕಳು. ನನ್ನ ಕಣ್ಣಾಗ ನೀರು ಬಂತು. ಆಮ್ಯಾಲೆ ಅಕಿ ಡಾಕ್ಟರ ಬೋಳುತಲಿ, ಬೆಳ್ಳನ ಮೀಸಿ ದಿಟ್ಟಿಸಿದಳು.

"ಅಯ್ಯ ನಮ್ಮವ್ವ! ಇಷ್ಟು ದಿನ ತಮ್ಮಾ ತಮ್ಮಾ ಅಂದದ್ದು ಈ ಮುದುಕಗೇನು?" ಅಂತ ನನ್ನ ಕಡೆ ಹೊಳ್ಳಿದಳು. "ನರ್ಸಬಾಯಿ, ಸೂಜಿ ತಗೊಂಬಾ. ಮೊದಲ ಇವನ ಪೊರಿ ನೋಡೂಣು!"